ಜೀವಿಸಂಗ್ರಹ ವಿಡಿಯೋ ಆಟಗಳು: ಕಥನ, ಪಾತ್ರಪೋಷಣೆ, ಕಾಳಗ

ಕಾಲ್ಪನಿಕ ಜೀವಿಗಳನ್ನು ಹಿಡಿದು ಅಥವಾ ಒಲಿಸಿಕೊಂಡು, ಸಾಕಿ ಬಲಪಡಿಸಿ, ಎದುರಾಳಿಯ ಜೀವಿಗಳೊಡನೆ ಕಾಳಗಕ್ಕೆ ಬಿಡುವುದೇ ಮುಖ್ಯ ವ್ಯವಹಾರವಾಗಿರುವ ವಿಡಿಯೋ ಆಟಗಳನ್ನು ಜೀವಿಸಂಗ್ರಹ ಆಟಗಳೆಂದು ಕರೆಯಬಹುದು. 1980ರ ದಶಕದ ಕೊನೆಯ ವರ್ಷಗಳಲ್ಲಿ ಜಪಾನಿನಲ್ಲಿ ರೂಪುಗೊಂಡು, 1996ರಲ್ಲಿ ಬಂದ ಪೋಕೆಮಾನ್ ಮೂಲಕ ಲೋಕಪ್ರಸಿದ್ಧವಾದ ಈ ಪ್ರಕಾರ, ಆಟಗಾರನು ಒಂದು ಪಾತ್ರವನ್ನು ವಹಿಸಿಕೊಂಡು ಅನುಭವದ ಅಂಕಗಳನ್ನು ಗಳಿಸುತ್ತ ಕಥೆಯೊಳಗೆ ಮುಂದೆ ಸಾಗುವ ಪಾತ್ರಧಾರಣೆಯ ಆಟಗಳ ಒಂದು ಕವಲು. ಆ ಜಾತಿಯ ಇತರ ಆಟಗಳಲ್ಲಿ ನಾಯಕನೇ ಕತ್ತಿ ಹಿಡಿದು ಹೋರಾಡಿದರೆ, ಇಲ್ಲಿ ಅವನು ಕಣದ ಅಂಚಿನಲ್ಲಿ ನಿಲ್ಲುತ್ತಾನೆ, ಹೊಡೆತ ತಿನ್ನುವುದು ಅವನ ಜೀವಿ. ಹೀಗಾಗಿ ಯಾರು ಎಂಥ ಜೀವಿಯನ್ನು ಸಾಕಿದ್ದಾರೆ, ಅದನ್ನು ಹೇಗೆ ನಡೆಸಿಕೊಂಡಿದ್ದಾರೆ, ಸೋತ ಗಳಿಗೆಯಲ್ಲಿ ಏನು ಮಾಡುತ್ತಾರೆ ಎಂಬುದರಿಂದಲೇ ಪಾತ್ರದ ಸ್ವಭಾವ ತಿಳಿಯಬೇಕಾಗುತ್ತದೆ. ಈ ಪ್ರಕಾರದ ಒಳ್ಳೆಯ ಆಟಗಳಲ್ಲಿ ಕಾಳಗವು ಕಥೆಗೆ ಅಡ್ಡ ಬರುವುದಿಲ್ಲ, ಕಥೆಯನ್ನು ತಾನೇ ಹೇಳುತ್ತದೆ.

ಈ ಏರ್ಪಾಡು ನಿಡಸೋಸಿ, ಗೋಕಾಕ, ಮೂಡಲಗಿ ಸೀಮೆಯ ಓದುಗರಿಗೆ ತೀರ ಹೊಸದೆನಿಸಲಾರದು. ಬೆಳಗಾವಿ, ಬಾಗಲಕೋಟೆ ಭಾಗದ ಟಗರಿನ ಕಾಳಗದಲ್ಲಿ ಹಾಲುಹಲ್ಲಿನದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು ಎಂದು ಹಲ್ಲು ನೋಡಿ ಜೋಡಿ ಕಟ್ಟುವ ಕ್ರಮವಿದೆ. ಜೀವಿಯ ಬಲವನ್ನು 1ರಿಂದ 100ರವರೆಗಿನ ಮಟ್ಟಗಳಲ್ಲಿ ಅಳೆಯುವ ಪೋಕೆಮಾನ್ ಪದ್ಧತಿಯ ಉದ್ದೇಶವೂ ಇಂಥದೇ. ಟಗರಿನ ಕಾಳಗದಲ್ಲಿಯೂ ಸೆಣಸುವುದು ಟಗರು, ಗೆದ್ದ ಹೆಮ್ಮೆ ಸಾಕಿದವನದು. ಆದರೆ ಪ್ರಾಣಿಗಳನ್ನು ಪರಸ್ಪರ ಕಾದಾಟಕ್ಕೆ ಹಚ್ಚುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅಪರಾಧವೆಂದು ಪರಿಗಣಿಸುತ್ತದೆ, ಮತ್ತು ಆ ಕಾಯ್ದೆಯ ಹಿಂದಿರುವ ಪ್ರಶ್ನೆಯನ್ನು ಈ ಆಟಗಳೂ, ತಡವಾಗಿಯಾದರೂ, ತಮಗೆ ತಾವೇ ಕೇಳಿಕೊಂಡಿವೆ.

ಪ್ರಕಾರದ ಮೊದಲ ಮುಖ್ಯ ಕೃತಿ 1987ರಲ್ಲಿ ಆಟ್ಲಸ್ ಕಂಪನಿ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕಾಗಿ ರೂಪಿಸಿದ ಮೆಗಾಮಿ ಟೆನ್ಸೆಯ್. ಅಯಾ ನಿಶಿತಾನಿಯ ಕಾದಂಬರಿಯನ್ನು ಆಧರಿಸಿದ ಈ ಆಟದಲ್ಲಿ ಎದುರಾದ ಭೂತವನ್ನು ಹೊಡೆದುರುಳಿಸುವುದರ ಬದಲು ಅದರೊಡನೆ ಮಾತಿಗಿಳಿದು, ಕಾಣಿಕೆ ಕೊಟ್ಟು ಪಕ್ಷಕ್ಕೆ ಸೇರಿಸಿಕೊಳ್ಳಬಹುದಿತ್ತು. ಎರಡು ಭೂತಗಳನ್ನು ಬೆಸೆದು ಮೂರನೆಯದನ್ನು ಪಡೆಯುವ ಉಪಾಯವೂ ಇತ್ತು. 1992ರ ಶಿನ್ ಮೆಗಾಮಿ ಟೆನ್ಸೆಯ್ ಮತ್ತು ಅದರ ಉತ್ತರಭಾಗಗಳು ಜಗತ್ತಿನ ನಾನಾ ಪುರಾಣಗಳ ದೇವ, ದಾನವ, ಪಿಶಾಚಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದವು. ಈ ಸರಣಿಯ ಹಲವು ಆಟಗಳಲ್ಲಿ ಬಾಲಿ ದ್ವೀಪದ ರಂಗ್ದಾ ಮತ್ತು ಬಾರೊಂಗ್ ಎಂಬ ಎರಡು ಶಕ್ತಿಗಳನ್ನು ಬೆಸೆದರೆ ಶಿವ ದೊರೆಯುತ್ತಾನೆ. ಇದು ಭಾರತೀಯ ಓದುಗನಿಗೆ ವಿಚಿತ್ರವೆನಿಸಬಹುದಾದರೂ, ಇಲ್ಲಿ ಅವಹೇಳನಕ್ಕಿಂತ ಪುರಾಣಗಳ ಬಗೆಗಿನ ಅತಿ ಕುತೂಹಲವೇ ಹೆಚ್ಚು. ಕಥೆಯ ದೃಷ್ಟಿಯಿಂದ ಮುಖ್ಯವಾದುದೆಂದರೆ, ಪಕ್ಷಕ್ಕೆ ಸೇರಿದ ಭೂತಗಳು ಇಲ್ಲಿ ಗೆಳೆಯರಲ್ಲ. ಬೆಸೆಯುವಾಗ ಹಳೆಯ ಜೊತೆಗಾರ ಇಲ್ಲವಾಗಲೇಬೇಕು ಎಂಬ ನಿಷ್ಠುರತೆ ಆಟದ ನಿಯಮದಲ್ಲೇ ಇದೆ.

ಇದಕ್ಕೆ ತೀರ ವಿರುದ್ಧವಾದ ಹಾದಿ ಹಿಡಿದದ್ದು 1992ರ ಸೆಪ್ಟೆಂಬರಿನಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಐದನೆಯ ಭಾಗ. ಯೂಜಿ ಹೋರಿಯಿ ಕಥೆ ಬರೆದು, ಅಕಿರಾ ತೋರಿಯಾಮಾ ಜೀವಿಗಳ ಚಿತ್ರ ರಚಿಸಿದ ಈ ಆಟ ನಾಯಕನ ಬಾಲ್ಯ, ದಾಸ್ಯ, ಮದುವೆ, ತಂದೆತನಗಳನ್ನು ಹಾದು ಮೂರು ತಲೆಮಾರುಗಳಿಗೆ ಹರಡಿಕೊಳ್ಳುತ್ತದೆ, ಮತ್ತು ಲೋಕವನ್ನು ಉಳಿಸಬೇಕಾದ ವೀರ ತಾನಲ್ಲ, ತನ್ನ ಮಗ ಎಂಬ ಅರಿವಿಗೆ ನಾಯಕನನ್ನು ತರುತ್ತದೆ. ಇದರ ಎರಡು ಕಾಳಗಗಳು ವಿಶೇಷ ಗಮನಕ್ಕೆ ಅರ್ಹ. ಮೊದಲನೆಯದರಲ್ಲಿ, ಅಲ್ಲಿಯವರೆಗೆ ಯಾವ ಶತ್ರುವನ್ನಾದರೂ ಸಲೀಸಾಗಿ ಸೋಲಿಸುತ್ತಿದ್ದ ತಂದೆ, ಮಗನ ಕೊರಳಿಗೆ ಕುಡುಗೋಲು ಹಿಡಿದ ಖಳನ ಮುಂದೆ ಕೈಯೆತ್ತದೆ ನಿಂತು ಏಟು ತಿನ್ನುತ್ತ ಸಾಯುತ್ತಾನೆ. ಮಾಮೂಲಿ ಕಾಳಗದ ಪರದೆಯೇ ತೆರೆದಿದ್ದರೂ ಆಟಗಾರನ ಕೈಯಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಎರಡನೆಯದು ವರ್ಷಗಳ ದಾಸ್ಯದ ನಂತರದ್ದು. ಬೆಳೆ ಹಾಳುಮಾಡುವ ಮೃಗವೊಂದನ್ನು ಕೊಲ್ಲಲು ಹಳ್ಳಿಗರು ನಾಯಕನನ್ನು ಕಳಿಸುತ್ತಾರೆ. ಗುಹೆಯಲ್ಲಿ ಎದುರಾಗುವ ಮೃಗ, ಬಾಲ್ಯದಲ್ಲಿ ಅವನು ಪುಂಡ ಹುಡುಗರಿಂದ ಬಿಡಿಸಿ ಸಾಕಿದ್ದ ಮರಿಯೇ. ಕಾಳಗದ ನಡುವೆ ಬಾಲ್ಯದ ಗೆಳತಿಯ ರಿಬ್ಬನ್ನನ್ನು ತೋರಿಸಿದಾಗ ಅದಕ್ಕೆ ಗುರುತು ಹತ್ತುತ್ತದೆ, ಅದು ಕಾದುಕೊಂಡಿದ್ದ ತಂದೆಯ ಕತ್ತಿಯೂ ಅಲ್ಲೇ ಸಿಗುತ್ತದೆ. ಹಳ್ಳಿಗರು ಮಾತ್ರ ಮೃಗವೂ ಇವನೂ ಒಂದೇ ಎಂದು ನಂಬಿ, ದುಡ್ಡು ಎಸೆದು ಊರು ಬಿಟ್ಟು ಹೋಗೆನ್ನುತ್ತಾರೆ. ಸಾಕಿದ ಜೀವಿಯ ನೆನಪೇ ಕಥೆಯ ತಿರುವಾಗುವ ಈ ಪ್ರಸಂಗವನ್ನು ಮೀರಿಸುವಂಥದು ಮುಂದಿನ ಮೂವತ್ತು ವರ್ಷಗಳಲ್ಲಿ ಹೆಚ್ಚು ಬಂದಿಲ್ಲ.

ಪೋಕೆಮಾನ್ ಸರಣಿಯನ್ನು ಕಲ್ಪಿಸಿದ ಸತೋಶಿ ತಾಜಿರಿ ಟೋಕಿಯೊ ಹೊರವಲಯದ ಮಾಚಿದಾದಲ್ಲಿ ಹುಳ ಹಿಡಿಯುತ್ತ ಬೆಳೆದವನು. ಎರಡು ಗೇಮ್‌ಬಾಯ್ ಕೈಯಂತ್ರಗಳನ್ನು ಜೋಡಿಸುವ ತಂತಿಯ ಮೇಲೆ ಹುಳಗಳು ಅತ್ತಿತ್ತ ಹರಿದಾಡುವ ಚಿತ್ರವೇ ಆಟದ ಬೀಜ. ಸುಮಾರು ಆರು ವರ್ಷಗಳ ದುಡಿಮೆಯ ಬಳಿಕ 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ ಕೆಂಪು ಮತ್ತು ಹಸಿರು ಎಂಬ ಎರಡು ಆವೃತ್ತಿಗಳು ಹೊರಬಂದವು. ಜೀವಿಗಳು 151; ಒಂದೇ ಆವೃತ್ತಿಯಲ್ಲಿ ಎಲ್ಲವೂ ಸಿಗದ ಕಾರಣ ಗೆಳೆಯರೊಡನೆ ಅದಲುಬದಲು ಅನಿವಾರ್ಯ. ಬೆಂಕಿ, ನೀರು, ಹುಲ್ಲು ಮೊದಲಾದ ಗುಣವರ್ಗಗಳು ಒಂದನ್ನೊಂದು ಮಣಿಸುವ ಕೋಷ್ಟಕ ಕಾಳಗದ ತಳಹದಿ. ಮೊದಲು 15 ಇದ್ದ ಈ ವರ್ಗಗಳು 1999ರಲ್ಲಿ 17, 2013ರಲ್ಲಿ 18 ಆದವು.

ಮೊದಲ ಪೋಕೆಮಾನ್‌ನ ಕಥೆ ತೆಳುವಾದುದೇ; ಊರೂರಿನ ನಾಯಕರನ್ನು ಸೋಲಿಸಿ ಎಂಟು ಬಿಲ್ಲೆ ಗೆದ್ದು ಚಾಂಪಿಯನ್ ಆಗುವ ಹುಡುಗನ ಯಾತ್ರೆ ಅಷ್ಟೆ. ಆದರೂ ಅದರಲ್ಲಿ ಎರಡು ಗಟ್ಟಿ ಎಳೆಗಳಿವೆ. ಲ್ಯಾವೆಂಡರ್ ಟೌನ್ ಎಂಬ ಊರಿನ ಗೋಪುರ ಸತ್ತ ಜೀವಿಗಳ ಸಮಾಧಿ. ಅಲ್ಲಿ ದಾರಿಗಟ್ಟುವ ದೆವ್ವ, ಕಳ್ಳರ ತಂಡದಿಂದ ಹತವಾದ ತಾಯಿ ಜೀವಿಯದು, ಅದನ್ನು ಹಿಡಿಯಲು ಬರುವುದಿಲ್ಲ, ಕಾಳಗದಲ್ಲಿ ಶಾಂತಗೊಳಿಸಿ ಕಳಿಸಬೇಕು. ಇನ್ನೊಂದು, ನೆರೆಮನೆಯ ಪ್ರತಿಸ್ಪರ್ಧಿ. ಪ್ರತಿ ಹಂತದಲ್ಲೂ ಆಟಗಾರನಿಗಿಂತ ಒಂದು ಹೆಜ್ಜೆ ಮುಂದಿರುವ ಅವನು ಚಾಂಪಿಯನ್ ಪೀಠವನ್ನೂ ಮೊದಲೇ ಏರಿ ಕುಳಿತಿರುತ್ತಾನೆ, ಸೋತಾಗ ಸ್ವಂತ ಅಜ್ಜನಿಂದಲೇ ಜೀವಿಗಳನ್ನು ಪ್ರೀತಿಯಿಂದ ಕಾಣಲಿಲ್ಲವೆಂಬ ಮಾತು ಕೇಳಬೇಕಾಗುತ್ತದೆ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಸಾರಥಿಯ ಪ್ರಶ್ನೆಗೆ ಉತ್ತರವಾಗಿ ಪಾತ್ರ ತನ್ನ ಹೆಸರು, ಊರು, ಪೌರುಷಗಳನ್ನು ಸಾರಿಕೊಂಡ ಮೇಲೆಯೇ ರಂಗದಲ್ಲಿ ಮುಂದಿನ ಕೆಲಸ. ಈ ಆಟಗಳಲ್ಲಿಯೂ ಎದುರಾಳಿ ಮೊದಲು ಬಡಾಯಿ ಕೊಚ್ಚಿ, ಸೋತ ಮೇಲೆ ಇನ್ನೊಂದು ಮಾತಾಡುತ್ತಾನೆ, ಈ ಎರಡು ಮಾತುಗಳ ನಡುವಿನ ಅಂತರದಲ್ಲಿ ಅವನ ಸ್ವಭಾವ ಬಯಲಾಗುತ್ತದೆ.

1999ರ ಬಂಗಾರ ಮತ್ತು ಬೆಳ್ಳಿ ಆವೃತ್ತಿಗಳು ಈ ಕುಶಲತೆಯನ್ನು ಮಾತಿನ ಆಚೆಗೆ ಒಯ್ದವು. ಜೀವಿಯೊಂದನ್ನು ಕದ್ದು ಕಥೆಗೆ ಬರುವ ಪ್ರತಿಸ್ಪರ್ಧಿಗೆ ಬಲವೊಂದೇ ಮೌಲ್ಯ. ಅವನ ಬಳಿ ಗೋಲ್‌ಬ್ಯಾಟ್ ಎಂಬ ಬಾವಲಿಯಿದೆ. ಅದು ಕ್ರೋಬ್ಯಾಟ್ ಆಗಿ ರೂಪಾಂತರ ಹೊಂದುವುದು ಸಾಕಿದವನ ಮೇಲೆ ಅಕ್ಕರೆ ಬೆಳೆದಾಗ ಮಾತ್ರ. ಆಟದ ಕೊನೆಯ ಭೇಟಿಗಳಲ್ಲಿ ಅವನ ತಂಡದಲ್ಲಿ ಕ್ರೋಬ್ಯಾಟ್ ಕಾಣಿಸಿಕೊಳ್ಳುತ್ತದೆ. ಅವನು ಬದಲಾಗಿದ್ದಾನೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಕಿಲ್ಲ. ನಿಯಮ ಬಲ್ಲವನಿಗಷ್ಟೇ ತಿಳಿಯುವ ಪಾತ್ರಪೋಷಣೆ ಇದು. ಇದೇ ಆಟದಲ್ಲಿ ಬಿಲ್ಲೆ ಕೊಡುವ ನಾಯಕರಲ್ಲಿ ಮೂರನೆಯವಳಾದ ವಿಟ್ನಿಯ ಮಿಲ್‌ಟ್ಯಾಂಕ್ ಎಂಬ ಹಸು, ಸುತ್ತು ಸುತ್ತಿಗೂ ಇಮ್ಮಡಿಯಾಗುವ ಉರುಳು ಹೊಡೆತದಿಂದ, ಹಾಲು ಕುಡಿದು ಗಾಯ ಮಾಯಿಸಿಕೊಳ್ಳುವ ವಿದ್ಯೆಯಿಂದ ಒಂದು ಪೀಳಿಗೆಯ ಮಕ್ಕಳನ್ನು ಕಂಗೆಡಿಸಿತು. ಅವಳು ಸೋತ ಕೂಡಲೇ ಬಿಲ್ಲೆ ಕೊಡದೆ ಅಳುತ್ತ ನಿಲ್ಲುತ್ತಾಳೆ, ಗೆದ್ದವನೇ ಪೆಚ್ಚಾಗುತ್ತಾನೆ.

ಈ ನಡುವೆ ಕೆಲವು ಬೇರೆ ಪ್ರಯೋಗಗಳೂ ನಡೆದವು. 1997ರ ಮಾನ್ಸ್ಟರ್ ರಾಂಚರ್ ಆಟ ಮನೆಯಲ್ಲಿದ್ದ ಹಾಡಿನ ಸಿ.ಡಿ.ಗಳಿಂದ ಜೀವಿಗಳನ್ನು ಹುಟ್ಟಿಸಿತು. 1999ರ ಡಿಜಿಮಾನ್ ವರ್ಲ್ಡ್‌ನಲ್ಲಿ ಜೀವಿ ಮುಪ್ಪಾಗಿ ಸತ್ತು ಮತ್ತೆ ಮೊಟ್ಟೆಯಾಗುತ್ತದೆ.

ಕಠಿಣ ಕಾಳಗಗಳ ವಿಷಯದಲ್ಲಿ ಈ ಪ್ರಕಾರಕ್ಕೆ ಹುಟ್ಟಿನಿಂದಲೇ ಒಂದು ದೌರ್ಬಲ್ಯವಿದೆ. ಸಣ್ಣಪುಟ್ಟ ಜೀವಿಗಳನ್ನು ಮತ್ತೆ ಮತ್ತೆ ಸೋಲಿಸಿ ಮಟ್ಟ ಏರಿಸಿಕೊಂಡರೆ ಯಾವ ಎದುರಾಳಿಯೂ ಸುಲಭವಾಗುವುದರಿಂದ, ಬುದ್ಧಿಯ ಬದಲು ತಾಳ್ಮೆ ಗೆಲ್ಲುತ್ತದೆ. ಇದಕ್ಕೆ ಸಮರ್ಥ ಉತ್ತರ ಕೊಟ್ಟದ್ದು 2003ರ ಶಿನ್ ಮೆಗಾಮಿ ಟೆನ್ಸೆಯ್ ಮೂರನೆಯ ಭಾಗ. ಎದುರಾಳಿಯ ದುರ್ಬಲ ಜಾಗಕ್ಕೆ ಹೊಡೆದರೆ ಹೆಚ್ಚಿನ ಸರದಿ ಸಿಗುವ, ಗುರಿ ತಪ್ಪಿದರೆ ಇದ್ದ ಸರದಿಯೂ ಹೋಗುವ, ಮತ್ತು ಇದೇ ನ್ಯಾಯ ಶತ್ರುವಿಗೂ ಸಲ್ಲುವ ಕ್ರಮವನ್ನು ಅದು ತಂದಿತು. ಇದರ ಪರಿಷ್ಕೃತ ಆವೃತ್ತಿಯಲ್ಲಿ ಬರುವ ಮಟಾಡೋರ್ ಎಂಬ ಅಸ್ಥಿಪಂಜರದ ಗೂಳಿಕಾಳಗದವನು ಕೆಂಪು ವಸ್ತ್ರ ಬೀಸಿ ತನ್ನ ಚುರುಕನ್ನು ಹೆಚ್ಚಿಸಿಕೊಂಡ ಮೇಲೆ ಆಟಗಾರನ ಹೊಡೆತಗಳೆಲ್ಲ ಗಾಳಿಗೆ ಹೋಗುತ್ತವೆ. ಅವನ ವೇಗ ತಗ್ಗಿಸುವ, ತನ್ನವರ ವೇಗ ಏರಿಸುವ ಮಂತ್ರಗಳನ್ನು ಕಲಿಯದೆ ಮುಂದೆ ದಾರಿಯಿಲ್ಲ. 2006ರ ಪೋಕೆಮಾನ್ ಡೈಮಂಡ್ ಮತ್ತು ಪರ್ಲ್‌ನ ಚಾಂಪಿಯನ್ ಸಿಂಥಿಯಾ ಮೊದಲಿಗೇ ಇಳಿಸುವ ಸ್ಪಿರಿಟೂಂಬ್ ಎಂಬ ಜೀವಿಗೆ ಆಗ ಯಾವ ಗುಣವರ್ಗದಿಂದಲೂ ಹೆಚ್ಚಿನ ಪೆಟ್ಟು ಬೀಳುತ್ತಿರಲಿಲ್ಲ. ಆಟದುದ್ದಕ್ಕೂ ಸೌಮ್ಯಳಾಗಿ ದಾರಿ ತೋರಿದ ವಿದ್ವಾಂಸೆಯೇ ಕೊನೆಯ ಗೋಡೆಯಾಗಿ ನಿಲ್ಲುವುದು ಆ ಕಾಳಗದ ತೂಕಕ್ಕೆ ಕಾರಣ.

ಕಾಡಿನ ಜೀವಿಯನ್ನು ಹಿಡಿದು ಹೊಡೆದಾಟಕ್ಕೆ ಹಚ್ಚುವುದು ಸರಿಯೇ ಎಂಬ ಪ್ರಶ್ನೆಯನ್ನು ಕಥೆಯ ನಡುಮಧ್ಯಕ್ಕೆ ತಂದದ್ದು 2010ರ ಸೆಪ್ಟೆಂಬರಿನ ಪೋಕೆಮಾನ್ ಬ್ಲ್ಯಾಕ್ ಮತ್ತು ವೈಟ್. ಹಳೆಯ ಜೀವಿಗಳನ್ನೆಲ್ಲ ಕಥೆ ಮುಗಿಯುವವರೆಗೆ ಹೊರಗಿಟ್ಟು, 156 ಹೊಸ ಜೀವಿಗಳನ್ನು ಮಾತ್ರ ಕೊಟ್ಟ ಈ ಆಟದಲ್ಲಿ ಎನ್ ಎಂಬ ಯುವಕ ಜೀವಿಗಳ ಮಾತು ಕೇಳಬಲ್ಲ. ಮನುಷ್ಯರಿಂದ ಅವುಗಳಿಗೆ ಬಿಡುಗಡೆಯಾಗಬೇಕೆಂದು ವಾದಿಸುತ್ತಾನೆ. ಅವನು ಪ್ರತಿ ಬಾರಿ ಎದುರಾದಾಗಲೂ ತಂಡ ಬೇರೆಯಾಗಿರುತ್ತದೆ, ಬಹುಮಟ್ಟಿಗೆ ಆಯಾ ಸೀಮೆಯ ಜೀವಿಗಳೇ ಅದರಲ್ಲಿರುತ್ತವೆ: ಯಾರನ್ನೂ ಕಟ್ಟಿಹಾಕಲಾರದವನ ತಂಡ ಇನ್ನು ಹೇಗಿರಬೇಕು? ಮನುಷ್ಯರಿಂದ ಗಾಯಗೊಂಡ ಜೀವಿಗಳ ನಡುವೆಯೇ, ಹೊರಲೋಕ ಕಾಣದಂತೆ ಅವನನ್ನು ಬೆಳೆಸಿದ ಗೆಟ್ಸಿಸ್‌ನ ಉದ್ದೇಶ, ಎಲ್ಲರ ಕೈ ಬರಿದಾದಾಗ ತನ್ನ ಕೈ ಮಾತ್ರ ತುಂಬಿರಬೇಕೆಂಬುದು. ಕೊನೆಯ ಕಾಳಗದಲ್ಲಿ ಗೆಟ್ಸಿಸ್ ಬಿಡುವ ಹೈಡ್ರೈಗನ್ 54ನೆಯ ಮಟ್ಟದ್ದು. ಆ ಜೀವಿ ಅದರ ಹಿಂದಿನ ರೂಪದಿಂದ ಬದಲಾಗುವುದು 64ನೆಯ ಮಟ್ಟದಲ್ಲಿ. ಆಟಗಾರನಿಗೆ ಸಾಧ್ಯವಿಲ್ಲದ ಅಡ್ಡದಾರಿ ಖಳನಿಗೆ ಸಾಧ್ಯವಾಗಿರುವುದು ಆಟ ರಚಿಸಿದವರ ಅನುಕೂಲಕ್ಕಿರಬಹುದು, ಆದರೆ ಪಾತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ. ಪ್ರಶ್ನೆ ಎತ್ತಿದ ಆಟ ಅದಕ್ಕೆ ಪೂರ್ಣ ಉತ್ತರ ಕೊಡದೆ, ಖಳನ ಮೋಸ ಬಯಲಾದೊಡನೆ ಜಾರಿಕೊಂಡಿತು ಎಂಬ ಆಕ್ಷೇಪ ಸರಿಯಾದುದೇ. 2023ರ ಕ್ಯಾಸೆಟ್ ಬೀಸ್ಟ್ಸ್ ಬೇರೆ ಉತ್ತರ ಹುಡುಕಿತು: ಅಲ್ಲಿ ಜೀವಿಯನ್ನು ಹಿಡಿಯುವುದಿಲ್ಲ, ಕ್ಯಾಸೆಟ್ ಟೇಪಿನಲ್ಲಿ ಅದರ ರೂಪವನ್ನು ಮುದ್ರಿಸಿಕೊಂಡು ಮನುಷ್ಯನೇ ಆ ರೂಪ ತಾಳಿ ಹೋರಾಡುತ್ತಾನೆ.

2010ರಲ್ಲಿ ಅಂತರಜಾಲದ ಚಿತ್ರಕಥೆಯೊಂದರಿಂದ ಹರಡಿದ ನಝ್‌ಲಾಕ್ ಎಂಬ ಪದ್ಧತಿ ಪೋಕೆಮಾನ್ ಆಟಗಾರರೇ ತಮಗೆ ವಿಧಿಸಿಕೊಂಡ ವ್ರತ. ಮೂರ್ಛೆ ಹೋದ ಜೀವಿ ಸತ್ತಂತೆ, ಒಂದು ಸೀಮೆಯಲ್ಲಿ ಮೊದಲು ಎದುರಾದುದನ್ನು ಮಾತ್ರ ಹಿಡಿಯಬೇಕು, ಪ್ರತಿಯೊಂದಕ್ಕೂ ಹೆಸರಿಡಬೇಕು. ಹೆಸರಿಟ್ಟ ಜೀವಿಯ ಸಾವು ಆಟ ಬರೆದವರು ಕಲ್ಪಿಸದ ದುಃಖವನ್ನು ತಂದಿತು. ಕಠಿಣ ಕಾಳಗವನ್ನು ಆಟ ಬರೆದವರೇ ಕೊಟ್ಟದ್ದೂ ಉಂಟು: 2022ರ ಪೋಕೆಮಾನ್ ಲೆಜೆಂಡ್ಸ್: ಆರ್ಸಿಯಸ್‌ನಲ್ಲಿ ಸ್ನೇಹಿತನಾಗಿದ್ದ ವ್ಯಾಪಾರಿ ವೋಲೊ ಕೊನೆಗೆ ತಿರುಗಿಬಿದ್ದು ಆರು ಜೀವಿಗಳನ್ನು, ನಡುವೆ ಉಸಿರಾಡಲೂ ಬಿಡದೆ ಗಿರಾಟಿನಾ ಎಂಬ ಇನ್ನೊಂದು ಜೀವಿಯನ್ನು ಎರಡು ರೂಪಗಳಲ್ಲಿ ಇಳಿಸುತ್ತಾನೆ, ಅವನ ತಂಡ ಸಿಂಥಿಯಾಳ ತಂಡವನ್ನು ಹೋಲುವುದು ಹಳೆಯ ಆಟಗಾರರಿಗೆ ಕೊಟ್ಟ ಸುಳುಹು.

ಭಾರತದಲ್ಲಿ ಪೋಕೆಮಾನ್ ಹೆಸರು ಮೊದಲು ಪರಿಚಯವಾದದ್ದು ಆಟದಿಂದಲ್ಲ, 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಪ್ರಸಾರ ಮಾಡಿದ ಚಿತ್ರಸರಣಿಯಿಂದ, ಚಿಪ್ಸ್ ಪೊಟ್ಟಣದೊಳಗಿನ ಟಾಜೊ ಬಿಲ್ಲೆಗಳಿಂದ. ಕೈಯಂತ್ರಗಳು ದುಬಾರಿಯಾಗಿದ್ದುದರಿಂದ, ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ, ಆಮೇಲೆ ಮೊಬೈಲಿನಲ್ಲಿ ನಡೆಸುವ ಎಮ್ಯುಲೇಟರ್ ತಂತ್ರಾಂಶಗಳೇ ಬಹುಮಂದಿಗೆ ಬಾಗಿಲಾದವು. 2016ರ ಜುಲೈನಲ್ಲಿ ವಿದೇಶಗಳಲ್ಲಿ ಬಿಡುಗಡೆಯಾದ ಪೋಕೆಮಾನ್ ಗೋ ಅಧಿಕೃತವಾಗಿ ಬರುವ ಮೊದಲೇ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಮೊಬೈಲು ಹಿಡಿದು ಅಲೆಯುವವರು ಕಂಡುಬಂದರು. ಪೂಜಾಸ್ಥಳಗಳಲ್ಲಿ ಆಟದ ಮೊಟ್ಟೆಗಳು ಸಿಗುತ್ತವೆಂಬ ಆಕ್ಷೇಪ ಅದೇ ವರ್ಷ ಗುಜರಾತ್ ಹೈಕೋರ್ಟಿನ ಮೆಟ್ಟಿಲೇರಿತು. ಡಿಸೆಂಬರ್ 14ರಂದು ರಿಲಯನ್ಸ್ ಜಿಯೊ ಜೊತೆಗೂಡಿ ಆಟ ಭಾರತಕ್ಕೆ ಬಂದಾಗ ಜಿಯೊ ಅಂಗಡಿಗಳೇ ಆಟದ ಸಾಮಗ್ರಿ ಸಿಗುವ ತಾಣಗಳಾದವು. ಆದರೆ ನಡೆದಾಡಿ ಹಿಡಿಯುವ ಈ ಆಟದಲ್ಲಿ ಕಥೆ ಸ್ವಲ್ಪವೇ, ಪಾತ್ರಗಳು ನೆಪಕ್ಕೆ. ಕಥನಪ್ರಧಾನವಾದ ಮುಖ್ಯ ಸರಣಿಯನ್ನು ಆಡುವ ಕನ್ನಡಿಗರು ಅದನ್ನು ಇಂಗ್ಲಿಷಿನಲ್ಲೇ ಓದಿಕೊಂಡು ಆಡುತ್ತಾರೆ. ಪೋಕೆಮಾನ್ ಗೋಗೆ 2023ರ ಸೆಪ್ಟೆಂಬರಿನಲ್ಲಿ ಹಿಂದಿ ಭಾಷೆ ಸೇರಿತು, ಕನ್ನಡ ಸೇರಲಿಲ್ಲ.