ಮೀನಿನ ತೊಟ್ಟಿ, ಒಂದು ಗಿಡ ಮತ್ತು ಐದು ಬಸವನಹುಳು

ಕಳೆದ ತಿಂಗಳು ನಮ್ಮನೆ ತೊಟ್ಟಿಯಲ್ಲಿದ್ದ ಎರಡೂ ಗೋಲ್ಡ್‌ಫಿಶ್ ಒಂದೇ ವಾರದಲ್ಲಿ ಸತ್ತುಹೋದವು. ತಪ್ಪು ನನ್ನದೇ. ಪ್ಲಾಸ್ಟಿಕ್ ಗಿಡ ಕಿತ್ತು ನಿಜವಾದ ಗಿಡ ನೆಟ್ಟಿದ್ದೆ. ಹಳೇ ಎಲೆಗಳು ಕೊಳೆತು ನೀರು ಕದಡಿದರೂ ಸುಮ್ಮನಿದ್ದೆ. "ಗಿಡ ಇದ್ರೆ ಮೀನಿಗೆ ಒಳ್ಳೇದು ಅಂದಿದ್ಯಲ್ಲಪ್ಪಾ?" ಅಂತ ಮಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕುತ್ತಾ ಹೋದರೆ ಮೊದಲು ಸಿಕ್ಕಿದ್ದು ಪುದೀನ! 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಕೆಟ್ಟ ಗಾಳಿಯಲ್ಲಿ ಪುದೀನದ ಕಡ್ಡಿ ಇಟ್ಟ. ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. 1779ರಲ್ಲಿ ಯಾನ್ ಇಂಗೆನ್‌ಹೌಸ್, ನೀರಲ್ಲಿ ಮುಳುಗಿದ ಹಸಿರೆಲೆ ಬೆಳಕಿದ್ದಾಗ ಮಾತ್ರ ಈ ಒಳ್ಳೇ ಗಾಳಿಯ ಗುಳ್ಳೆ ಬಿಡುತ್ತದೆ ಅಂತ ತೋರಿಸಿದ. ಲ್ಯಾಬಿನಲ್ಲಿ ಹೈಡ್ರಿಲ್ಲಾ ಮೇಲೆ ಆಲಿಕೆ ಬೋರಲು ಹಾಕಿ ಗುಳ್ಳೆ ಎಣಿಸಿದ್ದು ನಿಮಗೂ ನೆನಪಿರಬೇಕು.

ಇದನ್ನು ಮೀನಿನ ತೊಟ್ಟಿಗೆ ತಂದವರಲ್ಲಿ ಮುಖ್ಯನಾದವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್. 1849ರಲ್ಲಿ ಅವನು ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಗಿಡ ನೆಟ್ಟ. ಸ್ವಲ್ಪ ದಿನಕ್ಕೆ ಎಲೆಗಳು ಕೊಳೆತವು, ನೀರು ಕದಡಿತು... ಥೇಟ್ ನಮ್ಮನೆ ಕತೆ! ಆದರೆ ಅವನು ಸುಮ್ಮನೆ ಕೂರಲಿಲ್ಲ. ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ಮೀನಿನ ಕಸ ಗಿಡಕ್ಕೆ ಗೊಬ್ಬರವಾಯಿತು. ನೀರು ತಿಳಿಯಾಯಿತು. 1850ರಲ್ಲಿ ಇದನ್ನೆಲ್ಲ ಬರೆದು ಪ್ರಕಟಿಸಿದ.

ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್‌ನ 'ದಿ ಅಕ್ವೇರಿಯಂ' ಪುಸ್ತಕ ಬಂತು. ಆಮೇಲೆ ಕೇಳಬೇಕೇ, ಮನೆಮನೆಗೂ ತೊಟ್ಟಿಯ ಹುಚ್ಚು!

ಹುಚ್ಚಿಗೆ ಇನ್ನೊಂದು ಮುಖವೂ ಇದೆ ನೋಡಿ. ನಮ್ಮ ಕೆರೆಗಳ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾ ತಲುಪಿತು. ಅಲ್ಲಿನ ಕಾಲುವೆ, ಸರೋವರಗಳನ್ನು ತುಂಬಿಕೊಂಡ ಅದನ್ನು ಹದ್ದಿನಲ್ಲಿಡಲು ಇವತ್ತಿಗೂ ಹಣ ಸುರಿಯುತ್ತಿದ್ದಾರೆ. ಇದನ್ನು ಓದಿದ ಮೇಲೆ, ಕಿತ್ತ ಗಿಡಗಳನ್ನು ಪಕ್ಕದ ಕೆರೆಗೆ ಎಸೆಯಲು ಹೊರಟಿದ್ದವನು ತಾರಸಿಯ ಮೇಲೆ ಒಣಗಿಸಿದೆ.

ಈಗ ತೊಟ್ಟಿಯಲ್ಲಿ ಗಿಡ ಇದೆ, ಐದು ಬಸವನಹುಳು ಇವೆ. ಮೀನಿಲ್ಲ. "ನೀರು ತಿಳಿಯಾದ್ಮೇಲೇ ತರೋಣ" ಅಂದಿದ್ದಾಳೆ ಮಗಳು. ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಾಳೆ, ನಾನೂ ಅಷ್ಟೇ.