ಕಂಬದ ಮೇಲಿನ ಪಿಂಗಾಣಿ

ನಮ್ಮದು ಹನೂರಿನ ಕಡೆಯ ಹಳ್ಳಿ. ಹುಡುಗರಾಗಿದ್ದಾಗ ನಮ್ಮ ಕವಣೆಗೆ ಮೆಚ್ಚಿನ ಗುರಿಯೆಂದರೆ ವಿದ್ಯುತ್ ಕಂಬದ ತುದಿಯಲ್ಲಿ ಬೋರಲಾಗಿ ಕುಳಿತ ಬಿಳಿಯ ಪಿಂಗಾಣಿ ಬಟ್ಟಲು. ಒಮ್ಮೆ ನನ್ನ ಕಲ್ಲು ಗುರಿ ತಪ್ಪಲಿಲ್ಲ. ಲೈನ್‌ಮನ್ ಬಂದವನು ಹೊಡೆಯಲಿಲ್ಲ, ಒಡೆದ ಚೂರನ್ನು ನನ್ನ ಅಂಗೈಯಲ್ಲಿಟ್ಟು, "ಸುಟ್ಟ ಮಣ್ಣು ಅಂತ ಸಸಾರ ಮಾಡಬ್ಯಾಡ ಕಣ್ಲಾ ಮಗ. ಇದಿಲ್ದಿದ್ರೆ ಕಂಬ ಮುಟ್ಟಿದ ದನ, ಜನ ಒಂದೂ ಉಳಿಯಕಿಲ್ಲ" ಎಂದ. ಆ ಚೂರು ಇಂದಿಗೂ ನನ್ನ ಮೇಜಿನ ಮೇಲಿದೆ. ಇಂದು ಹೇಳಹೊರಟಿರುವುದು ಅದರ ವಂಶಾವಳಿಯನ್ನು.

ಕಾವೇರಿಯು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಶಿವನಸಮುದ್ರ ನಮ್ಮ ನೆರೆಯದು. ಆಗ ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಕೊಳ್ಳೇಗಾಲವಾದರೋ 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. 1902ರಲ್ಲಿ ಮೈಸೂರು ಸರ್ಕಾರ ಈ ಜಲಪಾತದಿಂದ ವಿದ್ಯುತ್ತನ್ನು ಪಡೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿತು. ಯೋಜನೆಗೆ ಬೆನ್ನಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕಾಣಲು ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಅಷ್ಟು ದೂರ ಸಾಗುವ ವಿದ್ಯುತ್ತು ಕಂಬದ ಮೂಲಕ ನೆಲಕ್ಕಿಳಿಯದಂತೆ ತಡೆಯಬೇಕಾದರೆ ತಂತಿಗೂ ಕಂಬಕ್ಕೂ ನಡುವೆ ಅವಾಹಕವೊಂದು ಇರಲೇಬೇಕು. ಆ ಕಾವಲನ್ನು ಲೋಕದಾದ್ಯಂತ ಪಿಂಗಾಣಿಗೆ ಒಪ್ಪಿಸಿದ್ದರು. ಮುಂದೆ ಮೈಸೂರು ಸರ್ಕಾರವೇ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಮೀಪದಲ್ಲಿ ಪಿಂಗಾಣಿ ಕಾರ್ಖಾನೆಯೊಂದನ್ನು ತೆರೆಯಿತು.

ಲೋಹದಲ್ಲಿ ಎಲೆಕ್ಟ್ರಾನುಗಳು ಸಂತೆಯ ಜನರಂತೆ ಅಡ್ಡಾಡುತ್ತವೆ. ಪಿಂಗಾಣಿಯಲ್ಲಿ ಅವು ತಮ್ಮ ತಮ್ಮ ಪರಮಾಣುಗಳನ್ನು ಬಿಟ್ಟು ಕದಲವು. ಇವೆರಡರ ನಡುವಿನದು ಅರೆವಾಹಕ. ಶುದ್ಧವಾದ ಸಿಲಿಕಾನಿಗೆ ಲಕ್ಷಾಂತರ ಪರಮಾಣುಗಳಿಗೊಂದರಂತೆ ರಂಜಕವನ್ನು ಬೆರೆಸಿದರೂ ಸಾಕು, ಅದರ ವಾಹಕತೆ ಅಪಾರವಾಗಿ ಹೆಚ್ಚುತ್ತದೆ. ಸೆರಾಮಿಕ್‌ಗಳಲ್ಲೂ ಇಂಥವುಂಟು. ಸತುವಿನ ಆಕ್ಸೈಡಿಗೆ ಕೊಂಚ ಬಿಸ್ಮತ್ ಆಕ್ಸೈಡ್ ಮುಂತಾದವನ್ನು ಸೇರಿಸಿ ಸುಟ್ಟ ಬಿಲ್ಲೆ, ಎಂದಿನ ವೋಲ್ಟೇಜಿನಲ್ಲಿ ಅವಾಹಕ. ಸಿಡಿಲು ಬಡಿದ ಕ್ಷಣದಲ್ಲಿ ವಾಹಕವಾಗಿ ಆ ರಭಸವನ್ನು ನೆಲಕ್ಕಿಳಿಸುತ್ತದೆ. ಸುಟ್ಟ ಮಣ್ಣಿನ ಬಳಗಕ್ಕೆ ಒಂದೇ ಸ್ವಭಾವವೆಂಬ ನಂಬಿಕೆ ಹೀಗೆ ಸಡಿಲವಾಯಿತು.

ಈ ಸಡಿಲಿಕೆಯ ಚರಿತ್ರೆಯಲ್ಲಿ ಕನ್ನಡ ನಾಡಿನ ಹೆಸರು ಸಿ.ಎನ್.ಆರ್. ರಾವ್ ಅವರದು. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪದವಿ, ಅಮೆರಿಕದ ಪರ್ಡ್ಯೂದಲ್ಲಿ ಡಾಕ್ಟರೇಟ್ ಪಡೆದು, 1959ರಲ್ಲಿ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿ ಊರಿಗೆ ಮರಳಿದರು. ನಡುವೆ ಕಾನ್ಪುರದಲ್ಲಿದ್ದು, 1976ರಲ್ಲಿ ಮತ್ತೆ ಬಂದು ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗವನ್ನು ಕಟ್ಟಿದರು. ಅವರು ಆರಿಸಿಕೊಂಡದ್ದು ಲೋಹಗಳ ಆಕ್ಸೈಡುಗಳನ್ನು. ಅವು ಯಾವ ಹದದಲ್ಲಿ ಅವಾಹಕತನವನ್ನು ಬಿಟ್ಟು ಲೋಹದಂತೆ ವರ್ತಿಸುತ್ತವೆ ಎಂಬ ಪ್ರಶ್ನೆಯನ್ನು. ಲ್ಯಾಂಥನಮ್ ಮತ್ತು ತಾಮ್ರದ ಆಕ್ಸೈಡ್ ಕೂಡ ಅವರೂ ಅವರ ಸಹೋದ್ಯೋಗಿ ಗಂಗೂಲಿಯವರೂ ಅಭ್ಯಾಸ ಮಾಡಿದ ವಸ್ತುಗಳಲ್ಲೊಂದು.

1986ರಲ್ಲಿ ಜ್ಯೂರಿಕ್‌ನ ಬೆಡ್ನಾರ್ಝ್ ಮತ್ತು ಮುಲ್ಲರ್ ಇದೇ ವಂಶದ ವಸ್ತುವಿಗೆ ಬೇರಿಯಮ್ ಬೆರೆಸಿ, ಶೂನ್ಯಕ್ಕಿಂತ ಸುಮಾರು 240 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದರ ವಿದ್ಯುತ್ ರೋಧ ಇಲ್ಲವಾಗುವುದನ್ನು ಕಂಡರು. ಕಾವಲುಗಾರನ ಕುಲದಲ್ಲೇ ಎಲ್ಲ ಬಾಗಿಲನ್ನೂ ತೆರೆದಿಡುವವನು ಹುಟ್ಟಿದ್ದ! ಮರುವರ್ಷವೇ ಅವರಿಗೆ ನೊಬೆಲ್ ಬಂತು. ಅದೇ 1987ರಲ್ಲಿ ಅಮೆರಿಕದಲ್ಲಿ, ದ್ರವ ಸಾರಜನಕದ ತಂಪಿನಲ್ಲೇ ಅತಿವಾಹಕವಾಗುವ, ಯಿಟ್ರಿಯಮ್, ಬೇರಿಯಮ್, ತಾಮ್ರಗಳ ಆಕ್ಸೈಡ್ ಮಿಶ್ರಣ ಸಿಕ್ಕಿತು. ಆ ಮಿಶ್ರಣದಲ್ಲಿ ಈ ಗುಣಕ್ಕೆ ಕಾರಣವಾದ ಸಂಯುಕ್ತ ಯಾವುದೆಂದು ಆಗಲೇ ಗುರುತಿಸಿದ ತಂಡಗಳಲ್ಲಿ ರಾವ್ ಅವರ ಬೆಂಗಳೂರಿನ ತಂಡವೂ ಒಂದು; ಆ ಲೇಖನ 'ನೇಚರ್' ಪತ್ರಿಕೆಯಲ್ಲಿ ಬಂತು.

ಕೈಯಲ್ಲಿದ್ದ ವಸ್ತು ಕೈತಪ್ಪಿತೆಂದು ಮರುಗಬೇಕೆ? ಬಹುಕಾಲ ನಾನೂ ಮರುಗಿದವನೇ. ಈಗ ಹಾಗೆನಿಸುವುದಿಲ್ಲ. ಬೇರಿಯಮ್ ಬೆರೆಯದ ಆ ಆಕ್ಸೈಡಿನಲ್ಲಿ ಕಾಣಬೇಕಾದ ಸೋಜಿಗ ಇರಲಿಲ್ಲ. ಆದರೆ ಅದರ ಮನೆತನವನ್ನು ವರ್ಷಗಟ್ಟಲೆ ಬಲ್ಲವರಾಗಿದ್ದುದರಿಂದಲೇ ಸುದ್ದಿ ಬಂದೊಡನೆ ಬೆಂಗಳೂರು ಲೋಕದ ಸಮಕ್ಕೆ ನಿಲ್ಲಲು ಸಾಧ್ಯವಾಯಿತು. ಫಲ ಎಂದು, ಯಾರ ಬುಟ್ಟಿಗೆ ಬೀಳುವುದೋ ತಿಳಿಯದೆ ಉಳುವವರಿಲ್ಲದಿದ್ದರೆ, ಬೀಜ ಸಿಕ್ಕ ದಿನ ಹದವಾದ ನೆಲವೇ ಇರುವುದಿಲ್ಲ. ನಮ್ಮ ಕಡೆಯ ಮಳೆಯಾಶ್ರಯದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾವ್ ಅವರಿಗೆ 2014ರಲ್ಲಿ ಭಾರತರತ್ನ ಸಂದಿತು. ಬೆಂಗಳೂರಿನ ಆ ಪಿಂಗಾಣಿ ಕಾರ್ಖಾನೆಯ ಬಳಿಯ ವೃತ್ತಕ್ಕೆ ಅವರ ಹೆಸರೇ ಇದೆ. ಅತಿವಾಹಕ ಸೆರಾಮಿಕ್ ಇನ್ನೂ ನಮ್ಮ ಹಳ್ಳಿಗಳಿಗೆ ಬಂದಿಲ್ಲ. ಅದು ಭಿದುರ, ಅದಕ್ಕೆ ಸದಾ ತಂಪು ಬೇಕು. ಹನೂರಿನ ದಾರಿಯಲ್ಲಿ ತಂತಿಗಳು ಇಂದಿಗೂ ಒಂದಷ್ಟು ವಿದ್ಯುತ್ತನ್ನು ಶಾಖವಾಗಿ ಕಳೆದುಕೊಳ್ಳುತ್ತಲೇ ಸಾಗುತ್ತವೆ. ಮೇಜಿನ ಮೇಲಿನ ಚೂರನ್ನು ಕೈಗೆತ್ತಿಕೊಂಡಾಗಲೆಲ್ಲ ಆ ಲೈನ್‌ಮನ್ ನೆನಪಾಗುತ್ತಾನೆ. ಸಸಾರ ಮಾಡಬ್ಯಾಡ ಎಂದಿದ್ದ. ಅವನಿಗೆ ತಿಳಿದಿದ್ದುದು ಮಣ್ಣಿನ ಒಂದು ಗುಣ ಮಾತ್ರ. ಮಾತು ಮಾತ್ರ ಎಲ್ಲಕ್ಕೂ ಸಲ್ಲುವಂಥದಾಗಿತ್ತು.