ಬಿಳುಪಿನ ಕ್ರೀಂ: ಹಚ್ಚುವುದು ಮುಖಕ್ಕೆ, ಪೆಟ್ಟು ಕಿಡ್ನಿಗೆ

ಮದುವೆ ಸೀಸನ್ ಬಂತೆಂದರೆ ಮುಖ ಬೆಳ್ಳಗಾಗಿಸುವ ಕ್ರೀಂಗಳಿಗೆ ಬೇಡಿಕೆ ಜಾಸ್ತಿ. ಗೋವಾದ ಸಾಂಖಳಿಯ ಸಂತೆಯಲ್ಲಿ ಕೊಂಡದ್ದಿರಲಿ, ಮಂಗಳೂರಿನ ಫ್ಯಾನ್ಸಿ ಅಂಗಡಿಯದ್ದಿರಲಿ, ಗಲ್ಫ್‌ನಿಂದ ಬಂದವರು ಕೊಟ್ಟದ್ದಿರಲಿ, ಹಚ್ಚುವ ಮೊದಲು ಡಬ್ಬಿಯ ಲೇಬಲ್ ಓದಬೇಕು. ಲೇಬಲ್ಲೇ ಇಲ್ಲದಿದ್ದರೆ ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಮಲಪ್ಪುರಂನ ಪಾಠ

ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ‘ಮೆಂಬ್ರೇನಸ್ ನೆಫ್ರೋಪತಿ’ ಎಂಬ ಕಿಡ್ನಿ ಕಾಯಿಲೆಯ 22 ಪ್ರಕರಣಗಳನ್ನು ವೈದ್ಯರು ಪರಿಶೀಲಿಸಿದರು. 15 ಮಂದಿಯಲ್ಲಿ ಇದರ ಅಪರೂಪದ ಬಗೆಯೊಂದು ಕಂಡುಬಂತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಂ ಬಳಸಿದ್ದರು. ಕ್ರೀಂ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ‘ಕಿಡ್ನಿ ಇಂಟರ್‌ನ್ಯಾಷನಲ್’ ವೈದ್ಯಕೀಯ ಪತ್ರಿಕೆಯಲ್ಲಿ ಈ ವರದಿ ಪ್ರಕಟವಾಗಿದೆ.

ಇಲ್ಲಿನ ವಿಲನ್ ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ಅದು ತಡೆಯುತ್ತದೆ. ಹಾಗಾಗಿ ಮುಖ ಬೇಗ ಬೆಳ್ಳಗಾಗುತ್ತದೆ. ಆದರೆ ಅದು ಚರ್ಮದ ಮೂಲಕ ರಕ್ತ ಸೇರಿ ಕಿಡ್ನಿಯ ಸೋಸುವ ಪೊರೆಯನ್ನು ಹಾಳುಮಾಡುತ್ತದೆ. ಮನೆಯ ಮಕ್ಕಳಿಗೂ ಅದರ ಆವಿಯಿಂದ ಅಪಾಯ ಇದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮುಖದ ಕ್ರೀಂನಲ್ಲಿ ಅರಿವಿಲ್ಲದೆ ಸೇರಿಕೊಂಡ ಪಾದರಸ ಕೂಡ ಹತ್ತು ಲಕ್ಷದಲ್ಲಿ 1 ಭಾಗವನ್ನು ಮೀರುವಂತಿಲ್ಲ.

ಕೊಳ್ಳುವಾಗ ಏನು ನೋಡಬೇಕು?

* ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ಬಳಕೆಯ ಕೊನೆಯ ದಿನಾಂಕ.
* ವಿದೇಶಿ ಮಾಲಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆ.
* ಪದಾರ್ಥಗಳ ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂದಿದ್ದರೆ ಬೇಡ. ಚಿನ್ನ, ಬೆಳ್ಳಿಗೆ ತಾಗಿಸಬೇಡಿ ಎಂದು ಬರೆದಿದ್ದರೂ ಬೇಡ.
* ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಇದ್ದರೆ ಅದು ಸ್ಟೀರಾಯ್ಡ್ ಔಷಧಿ. ವೈದ್ಯರ ಚೀಟಿ ಇಲ್ಲದೆ ಹಚ್ಚಬಾರದು. ಚರ್ಮ ತೆಳುವಾಗಿ, ಬಿಸಿಲಿಗೆ ಉರಿಯತೊಡಗುತ್ತದೆ.

‘ಒಂದೇ ವಾರದಲ್ಲಿ ಬೆಳ್ಳಗಾಗ್ತೀರಿ’ ಎಂದು ಅಂಗಡಿಯವರು ಹೇಳಿದರೆ ಖುಷಿಪಡುವ ಬದಲು ಅನುಮಾನಪಡಿ.

ಮೊದಲೇ ಬಳಸುತ್ತಿದ್ದರೆ?

ಕೂಡಲೇ ನಿಲ್ಲಿಸಿ. ಸ್ಟೀರಾಯ್ಡ್ ಕ್ರೀಂ ತುಂಬಾ ದಿನ ಹಚ್ಚಿದ್ದರೆ ಮಾತ್ರ ಚರ್ಮವೈದ್ಯರನ್ನು ಕೇಳಿ ನಿಲ್ಲಿಸಿ. ಕಾಲು, ಮುಖ ಊದಿಕೊಂಡರೆ, ಮೂತ್ರದಲ್ಲಿ ನೊರೆ ಹೆಚ್ಚಾದರೆ ಮೂತ್ರ ಪರೀಕ್ಷೆ ಮಾಡಿಸಿ. ಡಾಕ್ಟರ್ ಬಳಿ ಹೋಗುವಾಗ ಕ್ರೀಂ ಡಬ್ಬಿಯನ್ನೂ ಒಯ್ಯಿರಿ. ಕ್ರೀಂ ವಿಷಯ ಹೇಳಲು ನಾಚಿಕೆ ಬೇಡ. ಕಾರಣ ಗೊತ್ತಾದರೆ ಚಿಕಿತ್ಸೆ ಸುಲಭ.

ಅನುಮಾನದ ಮಾಲಿನ ಬಗ್ಗೆ ಗೋವಾದಲ್ಲಿರುವವರು ಬಾಂಬೋಳಿಯ ಆಹಾರ ಮತ್ತು ಔಷಧ ಆಡಳಿತ ನಿರ್ದೇಶನಾಲಯಕ್ಕೆ, ಕರ್ನಾಟಕದವರು ತಮ್ಮ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಬಹುದು. ಬಿಲ್ ಮತ್ತು ಡಬ್ಬಿ ಎರಡನ್ನೂ ಎಸೆಯದೆ ಇಟ್ಟುಕೊಳ್ಳಿ.